ಹಾಸನದಲ್ಲಿ ಡಿಗ್ರಿ ಓದ್ತಾ ಸಂಗೀತ ಶುರು ಮಾಡೋದು ಹೇಗೆ? ಹತ್ತೊಂಬತ್ತಕ್ಕೆ ತಡ ಆಯ್ತಾ?

ಬಿಸ್ಲೆ_ಮಳೆ
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದ್ತಿದ್ದೀನಿ. ಹಾಸ್ಟೆಲ್ ವಾಸ, ಊರು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆ. ಹಾಡೋದು ಅಂದ್ರೆ ಪ್ರಾಣ. ಆದ್ರೆ ಶಾಲೆ ಪ್ರಾರ್ಥನೆ, ಊರ ಭಜನೆ ಬಿಟ್ರೆ ಕ್ರಮವಾಗಿ ಏನೂ ಕಲ್ತಿಲ್ಲ, ನಮ್ಮೂರಲ್ಲಿ ಹೇಳ್ಕೊಡೋರೇ ಇರ್ಲಿಲ್ಲ.

ಕಾಲೇಜಲ್ಲಿ ಯುವಜನೋತ್ಸವಕ್ಕೆ ತಂಡ ಆರಿಸ್ತಿದ್ರು, ಹೋದೆ. "ಸಂಗೀತ ಪರೀಕ್ಷೆ ಜೂನಿಯರ್ ಆಗಿದ್ಯಾ, ಸೀನಿಯರ್ ಆಗಿದ್ಯಾ" ಅಂತ ಕೇಳಿದ್ರು. ಎರಡೂ ಇಲ್ಲ ಅಂದೆ. ಹಾಡೋಕೇ ಬಿಡ್ಲಿಲ್ಲ, "ಮುಂದಿನ ವರ್ಷ ನೋಡೋಣಮ್ಮ" ಅಂದು ಕಳಿಸಿದ್ರು. ಮುಂದಿನ ವರ್ಷದ ಹೊತ್ತಿಗೆ ನಾನು ಏನು ಮಾಡ್ಕೊಂಡಿರ್ಬೇಕು ಅನ್ನೋದನ್ನ ಮಾತ್ರ ಯಾರೂ ಹೇಳ್ಲಿಲ್ಲ.

ಈ ವಯಸ್ಸಿಗೆ ಶುರು ಮಾಡಿದ್ರೆ ಉಪಯೋಗ ಇದೆಯಾ? ಶಾಸ್ತ್ರೀಯಾನೇ ಕಲೀಬೇಕಾ, ಸುಗಮ ಸಂಗೀತದಿಂದ ಹೋಗ್ಬಹುದಾ? ರೂಮಲ್ಲಿ ನಾಲ್ಕು ಜನ ಇದ್ದೀವಿ, ಅಭ್ಯಾಸ ಎಲ್ಲಿ ಮಾಡೋದು? ಅಮ್ಮ "ಮೊದ್ಲು ಡಿಗ್ರಿ ಮುಗ್ಸು" ಅಂತಾರೆ. ಗೆಳತಿ ಕೀಬೋರ್ಡ್ ತಗೋ ಅಂತಾಳೆ, ಸ್ಕಾಲರ್‌ಶಿಪ್ ದುಡ್ಡು ಸ್ವಲ್ಪ ಉಳಿಸಿಟ್ಟಿದ್ದೀನಿ. ದಾರಿ ಗೊತ್ತಿರೋರು ಹೇಳಿ.

ಒಂದೇ_ಸಾಲು
ಕೀಬೋರ್ಡ್ ತಗೋಬೇಡಿ. ಈಗಲೇ ಬೇಡ.

ಗಿರಿ_ಗಿಟಾರ್, ಚಿಕ್ಕಮಗಳೂರು
ಯಾಕೆ ಬೇಡ ಮಾರಾಯ್ರೆ? ಕೈಯಲ್ಲೊಂದು ವಾದ್ಯ ಇದ್ರೆ ಜನ ತಾವಾಗೇ ಹತ್ರ ಬರ್ತಾರೆ. ನಮ್ಮ ಹಾಸ್ಟೆಲ್‌ನಲ್ಲಿ ಸಂಜೆ ಯಾರಾದ್ರೂ ಒಬ್ಬ ಗಿಟಾರ್ ಹಿಡಿದು ಕೂತ್ರೆ ಸಾಕು, ಹತ್ತು ನಿಮಿಷದಲ್ಲಿ ಇಬ್ಬರು ಹಾಡೋರು, ಒಬ್ಬ ಬಕೆಟ್ ತಟ್ಟೋನು ಸೇರ್ತಿದ್ರು. ಆ ಗುಂಪಿನಿಂದಲೇ ನಮ್ಮ ಬ್ಯಾಂಡ್ ಹುಟ್ಟಿದ್ದು. ಎಲ್ಲಾ ಕಲ್ತು ಆಮೇಲೆ ಜನರ ಜೊತೆ ಸೇರ್ತೀನಿ ಅಂದ್ಕೊಂಡ್ರೆ ಅಷ್ಟರಲ್ಲಿ ಡಿಗ್ರಿ ಮುಗ್ದಿರುತ್ತೆ. ಮೊದಲು ಜನ ಹುಡುಕಿ, ಪಾಠ ಜೊತೆಜೊತೆಗೆ ನಡೀಲಿ.

ಪಾಠದ_ಮನೆ, ಹಾಸನ
ಮಗೂ, ವಾದ್ಯ ಕೊಳ್ಳೋಕೆ ಮೊದಲು ನಿನ್ನ ಶ್ರುತಿ, ಅಂದ್ರೆ ನಿನ್ನ ದನಿಗೆ ಹೊಂದೋ ಆಧಾರ ಸ್ವರದ ಎತ್ತರ, ಯಾವುದು ಅಂತ ಗೊತ್ತು ಮಾಡ್ಕೋ. ನನ್ನ ಹತ್ರ ಬರೋ ಕಾಲೇಜು ಹುಡುಗೀರಲ್ಲಿ ಬಹಳ ಜನ, ಸಿನಿಮಾದಲ್ಲಿ ಗಂಡಸರು ಹಾಡಿದ್ದನ್ನ ಅದೇ ಶ್ರುತಿಯಲ್ಲಿ ಹಾಡಿ ಹಾಡಿ, ಕೆಳಗೆ ದನಿ ಒತ್ತಿ, ಮೇಲೆ ಕಿರುಚಿ ಗಂಟಲು ದಣಿಸ್ಕೊಂಡಿರ್ತಾರೆ. "ನಂಗೆ ಕಂಠ ಇಲ್ಲ ಮೇಡಂ" ಅಂತಾರೆ. ಕಂಠ ಇರುತ್ತೆ, ಕೂತಿರೋ ಮನೆ ಅವರದ್ದಲ್ಲ, ಅಷ್ಟೇ.

ಮೊಬೈಲಲ್ಲಿ ತಂಬೂರಿ ಆಪ್ ಹಾಕ್ಕೋ, ದುಡ್ಡು ಕೊಡೋದು ಬೇಡ. ಶ್ರುತಿಯ ಎತ್ತರಾನ ನಾವು ಮನೆ ಲೆಕ್ಕದಲ್ಲಿ ಹೇಳ್ತೀವಿ. ಐದು ಮನೆ ಇಟ್ಕೊಂಡು ಶುರು ಮಾಡು, ಕೀಬೋರ್ಡಿನವರು ಜಿ ಅಂತಾರಲ್ಲ ಅದು. ಕೆಳಗೆ ಮಂದ್ರ ಪಂಚಮ (ಕೆಳಗಿನ ಪ) ಗಾಳಿಯಾಗದೆ ಕೇಳಿಸ್ಬೇಕು, ಮೇಲೆ ತಾರಸ್ಥಾಯಿ ಗಾಂಧಾರ, ಮಧ್ಯಮ (ಮೇಲಿನ ಗ, ಮ) ಕತ್ತಿನ ನರ ಉಬ್ಬದೆ ಬರ್ಬೇಕು. ಕೆಳಗೆ ಸಿಗ್ಲಿಲ್ಲ ಅಂದ್ರೆ ಅರ್ಧ ಮನೆ ಏರ್ಸು, ಮೇಲೆ ಎಟುಕಲಿಲ್ಲ ಅಂದ್ರೆ ಅರ್ಧ ಇಳ್ಸು. ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ನಾಲ್ಕೂವರೆಯಿಂದ ಆರರೊಳಗೆ ಕೂರುತ್ತೆ, ಗಂಡುಮಕ್ಕಳಿಗೆ ಒಂದರಿಂದ ಎರಡೂವರೆ ಆಸುಪಾಸು. ಒಂದು ವಾರ ಬರೀ ಷಡ್ಜ (ಸ), ಪಂಚಮ, ಮೇಲಿನ ಷಡ್ಜ ಹಿಡಿದು ನಿಲ್ಲು. ಆಮೇಲೆ ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿ, ಅಲಂಕಾರ ಅನ್ನೋ ಮೊದಲ ಸ್ವರಪಾಠ.

ಆ ರಾಗಾನೇ ಯಾಕೆ ಅಂತ ಎಲ್ಲರೂ ಕೇಳ್ತಾರೆ. ಷಡ್ಜದಿಂದ ರಿಷಭಕ್ಕೆ ಸಣ್ಣ ಹೆಜ್ಜೆ, ರಿಷಭದಿಂದ ಗಾಂಧಾರಕ್ಕೆ ದೊಡ್ಡದು, ಅಲ್ಲಿಂದ ಮಧ್ಯಮಕ್ಕೆ ಮತ್ತೆ ಸಣ್ಣದು. ಪಂಚಮದಿಂದ ಮೇಲಿನ ಷಡ್ಜದವರೆಗೂ ಇದೇ ಅಳತೆ ಮತ್ತೆ ಬರುತ್ತೆ. ಕೆಳಗಿನ ಅರ್ಧ ಕಿವಿಗೆ ಹತ್ತಿತು ಅಂದ್ರೆ ಮೇಲಿನ ಅರ್ಧ ಅರ್ಧಂಬರ್ಧ ಕಲಿತ ಹಾಗೇ.

ದೊಡ್ಡೋರಾದ ಮೇಲೆ ಬರೋರು ತಾಳ, ಸ್ವರಸ್ಥಾನ ಬೇಗ ಅರ್ಥ ಮಾಡ್ಕೋತಾರೆ. ಗಮಕ, ಅಂದ್ರೆ ಸ್ವರಾನ ತೂಗಿ ಆಡಿಸೋದು, ಗಂಟಲಿಗೆ ಬರೋದು ನಿಧಾನ. ಅದಕ್ಕೆ ತಾಳ್ಮೆ ಬೇಕು, ವಯಸ್ಸಿನ ಪ್ರಶ್ನೆ ಅಲ್ಲ ಅದು.

ಗಿರಿ_ಗಿಟಾರ್, ಚಿಕ್ಕಮಗಳೂರು
ಮೇಡಂ, ಗೌರವ ಇಟ್ಕೊಂಡೇ ಹೇಳ್ತೀನಿ. ಎರಡು ವರ್ಷ ಸರಳೆ ಜಂಟಿ ಅಂತ ಕೂತ್ರೆ ಆ ಹುಡುಗಿ ಕಾಲೇಜ್ ಬಿಟ್ಟು ಹೋಗಿರ್ತಾಳೆ. ವೇದಿಕೆ ಹತ್ತೋದು ಯಾವಾಗ?

ಪಾಠದ_ಮನೆ, ಹಾಸನ
ಎರಡು ವರ್ಷ ಅಂತ ನಾನು ಹೇಳಿಲ್ಲಪ್ಪ. ಸರಳೆ ನಡೀತಿರೋವಾಗಲೇ ಒಂದು ಭಾವಗೀತೆ, ಒಂದು ದೇವರನಾಮ ಹೇಳ್ಕೊಡ್ತೀನಿ ನಾನು. ಅಡಿಪಾಯ, ಮನೆ ಎರಡೂ ಒಟ್ಟಿಗೆ ಏಳೋದು ಸಂಗೀತದಲ್ಲಿ ಸಾಧ್ಯ. ಆದ್ರೆ ಅಡಿಪಾಯವೇ ಬೇಡ ಅನ್ನೋರ ಜೊತೆ ನಾನು ಜಗಳ ಆಡ್ತೀನಿ.

ಲಯದ_ಲೆಕ್ಕ, ಹಾಸನ
ನಾನು ಎಂಜಿನಿಯರಿಂಗ್ ಮೂರನೇ ವರ್ಷ, ಮೃದಂಗ. ಯುವಜನೋತ್ಸವದ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಕಾಲೇಜುಗಳಲ್ಲಿ ಇದನ್ನ ಯಾರೂ ಸರಿಯಾಗಿ ಹೇಳಲ್ಲ.

ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ಎಐಯು ಅಂತೀವಲ್ಲ, ಅದರ ನಿಯಮವನ್ನೇ ವಿಶ್ವವಿದ್ಯಾಲಯಗಳು ಹೆಚ್ಚುಕಡಿಮೆ ಅನುಸರಿಸ್ತವೆ. ಶಾಸ್ತ್ರೀಯ ಗಾಯನ, ಶಾಸ್ತ್ರೀಯ ವಾದ್ಯ (ತಾಳವಾದ್ಯ ಬೇರೆ, ಉಳಿದದ್ದು ಬೇರೆ), ಸುಗಮ ಗಾಯನ, ಪಾಶ್ಚಾತ್ಯ ಗಾಯನ, ಸಮೂಹ ಗಾಯನ, ಜನಪದ ವಾದ್ಯಮೇಳ ಅಂತೆಲ್ಲ ವಿಭಾಗ ಇದೆ. ವಯಸ್ಸು 25 ದಾಟಿರಬಾರದು. ಸುಗಮ ಗಾಯನದಲ್ಲೂ ಸಮೂಹ ಗಾಯನದಲ್ಲೂ ಸಿನಿಮಾ ಹಾಡು ನಡೆಯಲ್ಲ. ಇದು ಗೊತ್ತಿಲ್ಲದೆ ಸಿನಿಮಾ ಹಾಡು ತಯಾರಿ ಮಾಡ್ಕೊಂಡು ಬಂದು ಅಲ್ಲಿ ಪೇಚಾಡೋರು ಇದ್ದಾರೆ.

ಬಿಸ್ಲೆ ಅವರೇ, ನಿಮಗೆ ಬಾಗಿಲು ಸಮೂಹ ಗಾಯನ. ಆರು ಜನ ಹಾಡೋರು, ಮೂರು ಜನ ಪಕ್ಕವಾದ್ಯ, ಹತ್ತು ನಿಮಿಷ. ಅದರಲ್ಲಿ ಆರೂ ಜನ ವಿದ್ವತ್ ಪರೀಕ್ಷೆ ಮುಗಿಸಿರಬೇಕಾಗಿಲ್ಲ. ಒಬ್ಬರೋ ಇಬ್ಬರೋ ಗಟ್ಟಿ ಹಾಡೋರು, ಮಿಕ್ಕೋರು ಶ್ರುತಿ ಬಿಡದೆ ಒಟ್ಟಿಗೆ ಉಸಿರು ತಗೊಳ್ಳೋರು ಇದ್ರೆ ತಂಡ ನಿಲ್ಲುತ್ತೆ. ನಿಮಗೆ ಭಜನೆ ಅಭ್ಯಾಸ ಇದೆ, ಗುಂಪಲ್ಲಿ ಬೇರೆಯವರ ದನಿ ಕೇಳ್ಕೊಂಡು ಹಾಡೋದು ಬರುತ್ತೆ. ಒಬ್ಬೊಬ್ಬರೇ ಹಾಡಿ ಬೆಳೆದೋರಿಗೆ ಅದು ಬರಲ್ಲ.

ಇನ್ನೊಂದು. ಹಾಸನ, ಚಿಕ್ಕಮಗಳೂರು ಪಕ್ಕಪಕ್ಕ ಇದ್ರೂ ನಾವೆಲ್ಲ ಒಂದೇ ಸ್ಪರ್ಧೆಗೆ ಬರಲ್ಲ. ಚಿಕ್ಕಮಗಳೂರಿನ ಡಿಗ್ರಿ ಕಾಲೇಜಿನವರಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಎಂಜಿನಿಯರಿಂಗ್‌ನವರಿಗೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ). ನಮ್ಮ ಹಾಸನದ ಹೇಮಗಂಗೋತ್ರಿ ಮೊದಲು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಆಗಿತ್ತು, 2023ರಲ್ಲಿ ಹಾಸನ ವಿಶ್ವವಿದ್ಯಾಲಯ ಆಯ್ತು. ನಿಮ್ಮ ಕಾಲೇಜು ಯಾವುದರ ಅಡಿ ಬರುತ್ತೆ ಅಂತ ಆಫೀಸಲ್ಲಿ ಕೇಳಿ, ಆ ಸುತ್ತೋಲೆ ನೋಟಿಸ್ ಬೋರ್ಡಿಗೆ ಬರೋ ತನಕ ಕಾಯ್ಬೇಡಿ.

ಕಡೂರು_ಡೊಳ್ಳು
ಯುವಜನೋತ್ಸವ ಬಾಗಿಲಂತೆ! ನಾನು ಕಂಡಿರೋ ಹಾಗೆ ಅದು ಮೂರು ವಾರದ ಗಲಾಟೆ. ಸ್ಪರ್ಧೆ ದಿನಾಂಕ ಬಂತು ಅಂದಾಗ ಡೊಳ್ಳು ಬಾಡಿಗೆಗೆ ತರ್ತಾರೆ, ಹೊರಗಿಂದ ಒಬ್ಬರನ್ನ ಕರೆಸಿ ನಾಲ್ಕು ಗತ್ತು ಹೊಡೆಸ್ತಾರೆ, ಬಹುಮಾನ ಬಂದ್ರೆ ಪ್ರಾಂಶುಪಾಲರ ಜೊತೆ ಫೋಟೋ. ಆಮೇಲೆ ಡೊಳ್ಳು ವಾಪಸ್, ಹುಡುಗರು ವಾಪಸ್.

ನಮ್ಮ ಕಡೂರು, ತರೀಕೆರೆ ಸೀಮೆಯಲ್ಲಿ ಡೊಳ್ಳು ಅಂದ್ರೆ ಬೀರೇಶ್ವರನ ಗುಡಿ ಮುಂದೆ ಕಲಿಯೋ ವಿದ್ಯೆ. ಹೊಡೆತ ಕೈಯಲ್ಲಿ, ಹೆಜ್ಜೆ ಕಾಲಲ್ಲಿ, ಪದ ಬಾಯಲ್ಲಿ, ಮೂರೂ ಒಟ್ಟಿಗೆ ಹೋಗಬೇಕು. ಸ್ಪರ್ಧೆಗೆ ಬರೋ ತಂಡದಲ್ಲಿ ಪದಾನೇ ಮಾಯ ಆಗಿದೆ, ಬರೀ ಎಗರಾಟ. ಡೊಳ್ಳಿನ ಪದ ಹಾಡೋ ಹಿರೀಕರು ಇನ್ನೂ ಇದ್ದಾರೆ. ಕಾಲೇಜು ಹುಡುಗ್ರು ಒಬ್ಬರೂ ಅವರ ಜಗಲಿ ಮೇಲೆ ಹೋಗಿ ಕೂರಲ್ಲ.

ಲಯದ_ಲೆಕ್ಕ, ಹಾಸನ
ಅಣ್ಣ, ನಿಮ್ಮ ಸಿಟ್ಟು ನಿಜ. ಆದ್ರೆ ಸ್ಪರ್ಧೆ ಅನ್ನೋದು ಇಲ್ದಿದ್ರೆ ನಮ್ಮ ಕಾಲೇಜು ಒಂದು ಕೊಠಡಿ ಬೀಗದ ಕೈ ಕೂಡ ಕೊಡ್ತಿರಲಿಲ್ಲ. ಒ.ಡಿ. (ಆನ್ ಡ್ಯೂಟಿ) ಪತ್ರ, ಹಾಜರಾತಿ, ಬಸ್ ಖರ್ಚು ಎಲ್ಲಾ ಆ ಹೆಸರಲ್ಲೇ ಬರೋದು. ಆ ಮೂರು ವಾರಕ್ಕೆ ಕೊಟ್ಟ ಕೊಠಡೀನ ನಾವು ವರ್ಷ ಪೂರ್ತಿ ಉಳಿಸ್ಕೊಂಡ್ವಿ. ಶನಿವಾರ ಮಧ್ಯಾಹ್ನ ಯಾರು ಬೇಕಾದ್ರೂ ಬರಬಹುದು ಅಂತ ಮಾಡಿದ್ದೀವಿ.

ಕಡೂರು_ಡೊಳ್ಳು
ಹಂಗೆ ಉಳಿಸ್ಕೊಂಡ್ರೆ ಸರಿ. ಆ ಕೊಠಡಿಗೆ ಒಬ್ಬ ಡೊಳ್ಳಿನ ಯಜಮಾನರನ್ನ ಕರೆಸಿ, ಪದ ಹಾಡಿಸಿ. ಖರ್ಚು ಬಸ್ ಚಾರ್ಜು, ಊಟ, ಒಂದು ಗೌರವಧನ. ಕರೆದ್ರೆ ಬರ್ತಾರೆ. ನಾನೇ ಮಾತಾಡಿಸ್ತೀನಿ.

ಚನ್ನರಾಯಪಟ್ಟಣದ_ತಂದೆ
ಪೋಷಕರ ಕಡೆಯಿಂದ ಒಂದು ಮಾತು. ನೀವೆಲ್ಲ ಹುರುಪಿನಿಂದ ಹೇಳ್ತಿದ್ದೀರಿ, ಸಂತೋಷ. ನನ್ನ ಮಗ ಎಂಜಿನಿಯರಿಂಗ್‌ನಲ್ಲಿ ಬ್ಯಾಂಡು ಅಂತ ತಿರುಗಿ ನಾಲ್ಕು ವಿಷಯ ಉಳಿಸಿಕೊಂಡ. ಸಾಲ ಮಾಡಿ ಓದಿಸೋರು ನಾವು. ಆ ತಾಯಿ "ಮೊದಲು ಡಿಗ್ರಿ" ಅಂದದ್ದರಲ್ಲಿ ಏನು ತಪ್ಪಿದೆ? ಸಂಗೀತ ಊಟ ಹಾಕುತ್ತಾ ಅಂತ ಕೇಳಬೇಕಾದವರು ನಾವೇ ತಾನೇ.

ಪಾಠದ_ಮನೆ, ಹಾಸನ
ನಿಮ್ಮ ಕಳವಳ ಅರ್ಥ ಆಗುತ್ತೆ ಸರ್. ಆದ್ರೆ ನಿಮ್ಮ ಊರಲ್ಲೇ ಹುಟ್ಟಿದ ಸಿ. ಅಶ್ವತ್ಥ್ ಅವರನ್ನ ನೆನಪು ಮಾಡ್ಕೊಳ್ಳಿ. ಬೆಂಗಳೂರಿನ ಐಟಿಐ ದೂರವಾಣಿ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷಕ್ಕೂ ಮೇಲೆ ನೌಕರಿ ಮಾಡ್ತಾನೇ ಭಾವಗೀತೆಗಳಿಗೆ ರಾಗ ಹಾಕಿದ್ರು, ಹಾಡಿದ್ರು. ರುದ್ರಪಟ್ಟಣದ ಆರ್.ಕೆ. ಶ್ರೀಕಂಠನ್ ಅವರು ಪದವಿ ಓದಿದೋರು, ಆಕಾಶವಾಣಿಯಲ್ಲಿ ಕೆಲಸ ಮಾಡ್ಕೊಂಡೇ ಕಚೇರಿ ಮಾಡಿದ್ರು, ತೊಂಬತ್ತು ದಾಟಿದ ಮೇಲೂ ಹಾಡಿದ್ರು, 2011ರಲ್ಲಿ ಪದ್ಮಭೂಷಣ ಬಂತು. ಓದು, ನೌಕರಿ, ಸಂಗೀತ ಮೂರನ್ನೂ ಸಾಗಿಸಿದೋರು ನಮ್ಮ ಜಿಲ್ಲೆಯಲ್ಲೇ ಇದ್ದರು.

ಎಲ್ಲರೂ ಅವರಷ್ಟೇ ದೊಡ್ಡೋರಾಗ್ತಾರೆ ಅಂತ ನಾನು ಹೇಳ್ತಿಲ್ಲ. ದಿನಕ್ಕೆ ನಲವತ್ತು ನಿಮಿಷ ಕ್ರಮವಾಗಿ ಕೂತು ಹಾಡೋ ಮಗು ಅದರಿಂದ ಫೇಲಾಗಲ್ಲ ಅಂತ ಮಾತ್ರ ಹೇಳ್ತಿದ್ದೀನಿ. ರಾತ್ರಿಯೆಲ್ಲಾ ತಿರುಗೋದು ಬೇರೆ, ಅಭ್ಯಾಸ ಬೇರೆ.

ಚನ್ನರಾಯಪಟ್ಟಣದ_ತಂದೆ
ದಿನಕ್ಕೆ ನಲವತ್ತು ನಿಮಿಷ ಅಂದ್ರೆ ನಂದೇನೂ ತಕರಾರಿಲ್ಲ ಮೇಡಂ. ಅಶ್ವತ್ಥ್ ನಮ್ಮೂರೋರು ಅನ್ನೋದು ನಮಗೂ ಹೆಮ್ಮೆ. ಪರೀಕ್ಷೆ ತಿಂಗಳಲ್ಲಿ ಕಾರ್ಯಕ್ರಮ ಒಪ್ಪಿಕೊಳ್ಳಬಾರದು ಅಂತ ಒಂದು ನಿಯಮ ಮಾಡಿಕೊಂಡ್ರೆ ಮನೆಯವರೂ ಸುಮ್ಮನಿರ್ತಾರೆ.

ರಸಮಂಜರಿ_ಹಾಡುಗಾರ, ಅರಸೀಕೆರೆ
ಊಟ ಹಾಕುತ್ತಾ ಅನ್ನೋದಕ್ಕೆ ನಾನು ಉತ್ತರ ಕೊಡ್ತೀನಿ. ಡಿಗ್ರಿ ಓದುವಾಗ ಗಣಪತಿ ಹಬ್ಬದಿಂದ ರಾಜ್ಯೋತ್ಸವದವರೆಗೆ ರಸಮಂಜರಿಯಲ್ಲಿ ಹಾಡಿ ನನ್ನ ಪರೀಕ್ಷೆ ಫೀಸು, ಪುಸ್ತಕ ನಾನೇ ನೋಡ್ಕೊಂಡೆ. ಶಾಸ್ತ್ರೀಯದೋರು ನಮ್ಮನ್ನ ಸಂಗೀತಗಾರರ ಲೆಕ್ಕಕ್ಕೇ ತಗೋಳಲ್ಲ. ಸಾವಿರಾರು ಜನರ ಮುಂದೆ, ಎದುರಿಗೆ ಪಟಾಕಿ ಹೊಡೀತಿರುವಾಗ, ಮಾನಿಟರ್ ಇಲ್ಲದೆ ಶ್ರುತಿ ಹಿಡಿದು ಹಾಡಿ ನೋಡ್ಲಿ. ಅದೂ ಒಂದು ಪಾಠಶಾಲೆಯೇ.

ಬಿಸ್ಲೆ ತಂಗೀ, ರಸಮಂಜರಿಗೆ ಬರೋದಾದ್ರೆ ನಿನ್ನ ಜೊತೆ ಗೊತ್ತಿರೋ ತಂಡ ಇರ್ಲಿ, ಮನೆಯವರಿಗೆ ತಿಳಿಸಿ ಬಾ, ವಾಪಸ್ ಬರೋ ಗಾಡಿ ಮೊದಲೇ ನಿಕ್ಕಿ ಆಗಿರ್ಲಿ, ಸಂಭಾವನೆ ಮಾತು ಮೊದಲೇ ಮುಗಿದಿರ್ಲಿ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕೋ ಹಾಗಿಲ್ಲ ಅಂತ ಕಾನೂನಿದೆ, ಸಂಘಟಕರು ಅದನ್ನ ಪಾಲಿಸೋರೇ ಅಂತ ನೋಡ್ಕೋ. ಈಗ ಬಹಳ ಕಡೆ ಲೈವ್ ವಾದ್ಯ ಹೋಗಿ ಟ್ರ್ಯಾಕ್ ಬಂದಿದೆ. ಟ್ರ್ಯಾಕಿಗೆ ಹಾಡೋದು ಸುಲಭ ಅನ್ಸುತ್ತೆ, ಆದ್ರೆ ಅದು ನಿನಗೋಸ್ಕರ ಕಾಯಲ್ಲ. ಎಲ್ಲಾದ್ರೂ ಒಬ್ಬ ತಬಲಾದೋರು, ಒಬ್ಬ ಕೀಬೋರ್ಡಿನೋರು ಇರೋ ತಂಡ ಸಿಕ್ಕಿದ್ರೆ ಸಂಭಾವನೆ ಕಡಿಮೆ ಆದ್ರೂ ಅಲ್ಲಿಗೇ ಹೋಗು.

ಪಾಠದ_ಮನೆ, ಹಾಸನ
ಲೆಕ್ಕಕ್ಕೆ ತಗೋಳಲ್ಲ ಅಂತ ಬೇಜಾರು ಮಾಡ್ಕೋಬೇಡಪ್ಪ. ರಸಮಂಜರಿ ಹಾಡಿ ಬಂದೋರ ತಾಳಜ್ಞಾನ ಎಷ್ಟು ಗಟ್ಟಿ ಅಂತ ನಾನು ಕಂಡಿದ್ದೀನಿ. ಗಂಟಲು ನೋಡ್ಕೊಳ್ಳಿ, ಅಷ್ಟೇ ನನ್ನ ಬೇಡಿಕೆ. ರಾತ್ರಿ ಮೂರು ಗಂಟೆ ಹಾಡಿದ ಮಾರನೇ ದಿನ ಮಾತೂ ಕಡಿಮೆ ಇರ್ಲಿ.

ಸೌಂಡ್ಸ್_ಹೊಳೆನರಸೀಪುರ
ಮೈಕ್ ವಿಷಯ ಬಂತಲ್ಲ, ಹೇಳೇ ಬಿಡ್ತೀನಿ. ಕಾಲೇಜು ಮಕ್ಕಳು ಮೈಕಿನ ಜಾಲರಿ ಮೇಲೆ ಮುಷ್ಟಿ ಕಟ್ಟಿ ಹಿಡೀತಾರೆ, ರ‍್ಯಾಪ್ ಹಾಡೋರನ್ನ ನೋಡಿ. ವೇದಿಕೆ ಮೈಕು ಮುಂದಿನ ದನಿ ಮಾತ್ರ ಹಿಡಿಯೋ ಹಾಗೆ ಮಾಡಿರ್ತಾರೆ. ಜಾಲರಿ ಮುಚ್ಚಿದ್ರೆ ಸುತ್ತಲಿನ ಸದ್ದೆಲ್ಲಾ ಎಳ್ಕೊಂಡು ಕೂಗೋಕೆ ಶುರು ಮಾಡುತ್ತೆ. ಆಮೇಲೆ "ಸೌಂಡ್ಸ್‌ನೋರು ಸರಿಯಿಲ್ಲ" ಅಂತಾರೆ. ಹಿಡಿ ಹಿಡ್ಕೊಳ್ಳಿ, ಬಾಯಿಂದ ನಾಲ್ಕು ಬೆರಳು ದೂರ ಇಡಿ, ಎತ್ತರದ ಸ್ವರಕ್ಕೆ ಸ್ವಲ್ಪ ಹಿಂದೆ ತಗೊಳ್ಳಿ. ಸ್ಪೀಕರಿನ ಕಡೆ ಮೈಕ್ ತಿರುಗಿಸ್ಬೇಡಿ. ಕಾರ್ಯಕ್ರಮಕ್ಕೆ ಮೊದಲು ಹತ್ತು ನಿಮಿಷ ಬಂದು ಒಂದು ಚರಣ ಹಾಡಿ ತೋರಿಸಿ, ನಾವು ನಿಮ್ಮ ದನಿಗೆ ಕೂರಿಸಿ ಕೊಡ್ತೀವಿ. ಆ ಹತ್ತು ನಿಮಿಷಕ್ಕೆ ಯಾರೂ ಬರಲ್ಲ.

ಬಿಸ್ಲೆ_ಮಳೆ
ಇಷ್ಟೊಂದು ಜನ ಬರೀತೀರಿ ಅಂತ ಅಂದ್ಕೊಂಡಿರಲಿಲ್ಲ. ಮೇಡಂ, ಆಪ್ ಹಾಕ್ಕೊಂಡು ನೋಡ್ದೆ. ಐದು ಮನೆಯಲ್ಲಿ ಮೇಲೆ ಆರಾಮಾಗಿ ಬರುತ್ತೆ, ಕೆಳಗಿನ ಪಂಚಮ ಗಾಳಿ ಗಾಳಿ. ಐದೂವರೆಗೆ ಸರಿ ಹೋಯ್ತು. ಇಷ್ಟು ದಿನ ನಾನು ಹಾಡ್ತಿದ್ದಿದ್ದೆಲ್ಲಾ ಇದಕ್ಕಿಂತ ಕೆಳಗೇ! ಹಾಸ್ಟೆಲ್ ವಿಷಯ ಯಾರಾದ್ರೂ ಹೇಳಿ. ಬೆಳಿಗ್ಗೆ ಬಾಯಿ ಬಿಟ್ರೆ ರೂಮ್‌ಮೇಟ್ಸ್ ಸಿಡುಕ್ತಾರೆ.

ಬೇಲೂರು_ಬೆಳಗು
ನಾನೂ ಹಾಸ್ಟೆಲ್‌ನಲ್ಲೇ ಕಲಿತೋಳು ಕಣೇ. ವಾರ್ಡನ್ ಹತ್ರ "ಹಾಡೋಕೆ ಜಾಗ ಕೊಡಿ" ಅಂತ ಕೇಳ್ಬೇಡ, ಇಲ್ಲ ಅಂತಾರೆ. "ಬೆಳಿಗ್ಗೆ ಆರರಿಂದ ಆರೂ ಮುಕ್ಕಾಲು ಊಟದ ಹಾಲ್ ಖಾಲಿ ಇರುತ್ತಲ್ಲ ಮೇಡಂ, ಅಷ್ಟು ಹೊತ್ತು ಕೂತ್ಕೋಬಹುದಾ" ಅಂತ ಹೊತ್ತು, ಜಾಗ ಹೇಳಿ ಕೇಳು. ನಂಗೆ ಹಾಗೆ ಸಿಕ್ತು. ತಿಂಡಿ ಮಾಡೋ ಅಕ್ಕಂದಿರು ಒಳಗಿಂದ ಕೇಳ್ತಿದ್ರು, ನಾನು ಒಂದಿನ ಹೋಗದಿದ್ರೆ "ಯಾಕೆ ಬರ್ಲಿಲ್ಲ" ಅಂತ ಅವರೇ ವಿಚಾರಿಸೋರು. ಟೆರೇಸ್ ಬೇಡ, ಹಾಸನದ ಡಿಸೆಂಬರ್ ಗಾಳಿಗೆ ಗಂಟಲು ಕಟ್ಟುತ್ತೆ. ರೂಮಲ್ಲಿ ಇರುವಾಗ ಇಯರ್‌ಫೋನಲ್ಲಿ ತಂಬೂರಿ ಹಾಕ್ಕೊಂಡು ಬಾಯಿ ಮುಚ್ಚಿ ಮೆಲ್ಲಗೆ ಗುನುಗು, ಕೈಯಲ್ಲಿ ತಾಳ. ಬಸ್ಸಲ್ಲೂ ಮಾಡಬಹುದು.

ಒಂದೇ_ಸಾಲು
ಶಕ್ತಿ ಯೋಜನೆ ಬಸ್ಸಲ್ಲಿ ಸೀಟ್ ಸಿಕ್ಕಿದ್ರೆ ತಾನೇ!

ಬೇಲೂರು_ಬೆಳಗು
ನಿಂತ್ಕೊಂಡೂ ಅಲಂಕಾರ ಹೇಳ್ಕೊಂಡಿದ್ದೀನಿ ನಾನು. ಆ ಯೋಜನೆಯಿಂದ ನನಗಂತೂ ದೊಡ್ಡ ಉಪಕಾರ ಆಗಿದೆ. 2023ರ ಜೂನ್‌ನಲ್ಲಿ ಅದು ಬಂದ ಮೇಲೆ ವಾರಕ್ಕೊಂದು ಸಲ ಪಾಠಕ್ಕೆ ಮೈಸೂರಿಗೆ ಹೋಗಿ ಬರೋ ಖರ್ಚು ಉಳೀತು. ಮೊದಲು ಆ ದುಡ್ಡಿಲ್ಲದೆ ಪಾಠ ಬಿಟ್ಟ ಹುಡುಗೀರನ್ನ ನೋಡಿದ್ದೀನಿ.

ಅರಕಲಗೂಡು_ಅಣ್ಣ
ರುದ್ರಪಟ್ಟಣದ ಹೆಸರು ಮೇಡಂ ಎತ್ತಿದ್ರು, ನಮ್ಮ ತಾಲ್ಲೂಕು ಅದು, ಸುಮ್ನಿರೋಕಾಗಲ್ಲ. ಕಾವೇರಿ ದಡದ ಚಿಕ್ಕ ಊರು. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರು ಅಂತ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಆರ್.ಕೆ. ಪದ್ಮನಾಭ ಎಲ್ಲರೂ ಆ ಊರಿನ ಬೇರು. ಪದ್ಮನಾಭ ಅವರು ಅಲ್ಲಿ ಸಪ್ತಸ್ವರ ದೇವತಾ ಧ್ಯಾನಮಂದಿರ ಕಟ್ಟಿಸಿದ್ದಾರೆ, ಕಟ್ಟಡವೇ ತಂಬೂರಿ ಆಕಾರ. ಹಾಸನದ ಕಾಲೇಜಿನೋರು ಮಕ್ಕಳನ್ನ ಪ್ರವಾಸ ಅಂತ ಎಲ್ಲೆಲ್ಲಿಗೋ ಕರ್ಕೊಂಡು ಹ್ವಾಗ್ತಾರೆ, ಈ ಊರು ತೋರ್ಸಲ್ಲ. ನಂಗೆ ಅದು ಹೊಟ್ಟೆ ಉರಿ.

ಹಳೇಬೀಡು_ಗೈಡ್
ತೋರಿಸೋದಾದ್ರೆ ಹಳೇಬೀಡನ್ನೂ ಸೇರಿಸಿ ಸ್ವಾಮಿ. ಗೋಡೆ ಪೂರ್ತಿ ಮದ್ದಳೆ, ತಾಳ, ಕೊಳಲು ಹಿಡಿದೋರು. ಬರೋರಿಗೆ ಆನೆ ಸಾಲು ತೋರಿಸಿದ್ರೆ ಸಾಕು, ವಾದ್ಯದೋರನ್ನ ಕೇಳೋರೇ ಇಲ್ಲ. ಮೃದಂಗ ಕಲಿಯೋ ಮಕ್ಕಳು ಬಂದ್ರೆ ನಾನು ಒಂದೊಂದೇ ನಿಂತು ತೋರಿಸ್ತೀನಿ: ಕೂತು ನುಡಿಸೋದು ಯಾವುದು, ಕೊರಳಿಗೆ ಹಾಕ್ಕೊಂಡು ನುಡಿಸೋದು ಯಾವುದು, ಕೈ ಯಾವ ಕೋನದಲ್ಲಿ ಬೀಳ್ತಿದೆ ಅಂತ.

ಲಯದ_ಲೆಕ್ಕ, ಹಾಸನ
ಬರ್ತೀವಿ! ನಮ್ಮ ಶನಿವಾರದ ಗುಂಪನ್ನ ಕರ್ಕೊಂಡು ಬರ್ತೀನಿ.

ಕೊಪ್ಪ_ಮಳೆಗಾಲ
ಮೃದಂಗದೋರು ಸಿಕ್ಕಿದ್ರಿ, ಒಂದು ಕೇಳ್ತೇನೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ವಾದ್ಯ ಇಡುದೇ ಕಷ್ಟ. ಮುಚ್ಚಿಗೆ (ಮೃದಂಗದ ಬಾಯಿಯ ಚರ್ಮ) ಬೂಸ್ಟು ಹಿಡೀತದೆ, ಶ್ರುತಿ ಇಳೀತದೆ. ತಂಗಿಯ ಗಿಟಾರಿನ ತಂತಿ ತುಕ್ಕು. ಏನು ಮಾಡುದು?

ಲಯದ_ಲೆಕ್ಕ, ಹಾಸನ
ನುಡಿಸಿ ಆದ ಕೂಡಲೇ ಎಡಗಡೆ ಹಚ್ಚಿದ ರವೆ ಪೂರ್ತಿ ತೆಗೆದು ಒಣಬಟ್ಟೆಯಲ್ಲಿ ಒರೆಸಿ, ಬೂಸ್ಟು ಶುರುವಾಗೋದೇ ಆ ಒದ್ದೆಯಿಂದ. ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ತೇವ ಹೀರಿ ಬಣ್ಣ ಬದಲಾಯಿಸೋದು ಸಿಗುತ್ತೆ, ಬಿಸಿ ಮಾಡಿ ಮತ್ತೆ ಬಳಸಬಹುದು. ಒಲೆ ಹತ್ರ ಮಾತ್ರ ಇಡಬೇಡಿ, ಕರಣೆ (ಮುಖದ ನಡುವಿನ ಕಪ್ಪು ಲೇಪ) ಬಿರುಕು ಬಿಡುತ್ತೆ. ಮಳೆಗಾಲದಲ್ಲಿ ಬಾರು ಎಳೆದು ಬಿಗಿ ಮಾಡಿದ್ರೆ ಬೇಸಿಗೆಯಲ್ಲಿ ಚರ್ಮ ಒಣಗಿ ಹರಿಯೋ ಭಯ, ಜಾಗ್ರತೆ. ದಿನಾ ಅಭ್ಯಾಸಕ್ಕೆ ಫೈಬರ್ ಮೃದಂಗ ಇಟ್ಟುಕೊಂಡೋರೂ ಇದ್ದಾರೆ, ನಾದಕ್ಕೆ ಹಲಸಿನ ಮರದ್ದೇ ಬೇಕು.

ಗಿರಿ_ಗಿಟಾರ್, ಚಿಕ್ಕಮಗಳೂರು
ಗಿಟಾರಿಗೆ: ನುಡಿಸಿದ ಮೇಲೆ ತಂತಿ ಒರೆಸಿ, ಗೋಡೆಗೆ ನೇತು ಹಾಕ್ಬೇಡಿ, ಮಲೆನಾಡಿನ ಗೋಡೆ ಮಳೆಗಾಲದಲ್ಲಿ ನೀರು ಕುಡಿದಿರ್ತದೆ. ಪೆಟ್ಟಿಗೆಯೊಳಗೇ ಇಡಿ. ಕೋಟಿಂಗ್ ಇರೋ ತಂತಿ ಸ್ವಲ್ಪ ದುಬಾರಿ, ಆದ್ರೆ ಬಾಳಿಕೆ ಬರ್ತದೆ.

ಕಾನೂನು_ಕಟ್ಟೆ, ಹಾಸನ
ಸಿನಿಮಾ ಹಾಡನ್ನ ಕಾಲೇಜಲ್ಲಿ ಹಾಡಿದ್ರೆ ಹಕ್ಕುಸ್ವಾಮ್ಯದ ತೊಂದರೆ ಬರುತ್ತಾ ಅಂತ ನನ್ನನ್ನ ಬಹಳ ಜನ ಕೇಳ್ತಾರೆ, ಇಲ್ಲೇ ಹೇಳಿಬಿಡ್ತೀನಿ. 1957ರ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ: ಕಾಲೇಜಿನ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳು, ಸಿಬ್ಬಂದಿ ಹಾಡಬಹುದು, ಕೇಳೋರೂ ಅವರೇ ಅಥವಾ ಪೋಷಕರು, ಕಾಲೇಜಿಗೆ ಸಂಬಂಧಪಟ್ಟೋರು ಆಗಿರಬೇಕು. ಟಿಕೆಟ್ ಇಟ್ಟು ಊರಿಗೆಲ್ಲಾ ಬಾಗಿಲು ತೆರೆದ್ರೆ ಈ ರಕ್ಷಣೆ ಇಲ್ಲ. ಯೂಟ್ಯೂಬಿಗೆ ಹಾಕೋದು ಬೇರೆಯದೇ ಲೆಕ್ಕ.

ಗಿರಿ_ಗಿಟಾರ್, ಚಿಕ್ಕಮಗಳೂರು
ಅದಕ್ಕೇ ನಾನು ಹೇಳುದು, ಸ್ವಂತ ಹಾಡು ಕಟ್ಟಿ. ಕನ್ನಡದಲ್ಲಿ ಪದ್ಯ ಬರೆಯೋ ಗೆಳೆಯರು ಪ್ರತಿ ಕಾಲೇಜಲ್ಲೂ ಇದ್ದಾರೆ.

ಲಯದ_ಲೆಕ್ಕ, ಹಾಸನ
ಹಣದ ಮಾತು ಬಂದಿದ್ದಕ್ಕೆ ಇದನ್ನೂ ಹೇಳ್ತೀನಿ. ಕೇಂದ್ರ ಸಂಸ್ಕೃತಿ ಸಚಿವಾಲಯದಿಂದ ಯುವ ಕಲಾವಿದರಿಗೆ ವಿದ್ಯಾರ್ಥಿವೇತನ ಇದೆ. 18ರಿಂದ 25 ವರ್ಷದೋರಿಗೆ ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಗುರುಗಳ ಹತ್ತಿರ ಕನಿಷ್ಠ ಐದು ವರ್ಷ ಕಲಿತಿರಬೇಕು. ಬಿಸ್ಲೆ ಅವರಿಗೆ ಈಗ ಆಗಲ್ಲ, ಆದ್ರೆ ಹೈಸ್ಕೂಲಿನಿಂದ ಕಲೀತಿರೋರು ಇಲ್ಲಿ ಎಷ್ಟೋ ಜನ ಇದ್ದೀರಿ, ಅರ್ಜಿ ಹಾಕಿ. ಹಾಗೇ ನಮ್ಮ ಹಾಸನ ಆಕಾಶವಾಣಿ 102.2 ಇದೆ. ಧ್ವನಿ ಪರೀಕ್ಷೆಯಲ್ಲಿ ಪಾಸಾದ್ರೆ ಕಲಾವಿದರ ಬಿ ಶ್ರೇಣಿಯಿಂದ ಶುರು. ಕಾಲೇಜು ಸ್ಪರ್ಧೆಯ ಹತ್ತು ಪ್ರಮಾಣಪತ್ರಕ್ಕಿಂತ ಆ ಒಂದು ಶ್ರೇಣಿಗೆ ಬೆಲೆ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಬಿಸ್ಲೆ_ಮಳೆ
ಕೀಬೋರ್ಡ್ ಕೈಬಿಟ್ಟೆ. ಆ ದುಡ್ಡು ಪಾಠದ ಫೀಸಿಗೆ. ವಾರ್ಡನ್ ಹತ್ರ ಊಟದ ಹಾಲ್ ಕೇಳಿದ್ದೀನಿ, ಸೋಮವಾರ ಹೇಳ್ತೀನಿ ಅಂದಿದ್ದಾರೆ. ಮೇಡಂ, ಪಾಠ ಶುರು ಮಾಡಿದ್ರೂ ಜನರ ಜೊತೆ ಕೂತು ಹಾಡೋ ಅವಕಾಶ ಯಾವಾಗ ಸಿಗುತ್ತೆ?

ಪಾಠದ_ಮನೆ, ಹಾಸನ
ಪುಷ್ಯ ಮಾಸದಲ್ಲಿ. ಬಹುಳ ಪಂಚಮಿಗೆ ತ್ಯಾಗರಾಜರ ಆರಾಧನೆ, ಅದೇ ಮಾಸದ ಅಮಾವಾಸ್ಯೆಗೆ ಪುರಂದರದಾಸರ ಆರಾಧನೆ. ಜನವರಿ, ಫೆಬ್ರವರಿ ಸುಮಾರಿಗೆ ಬರುತ್ತೆ. ಮೊದಲನೆಯದರಲ್ಲಿ ಪಂಚರತ್ನ ಗೋಷ್ಠಿ, ತ್ಯಾಗರಾಜರ ಐದು ಕೃತಿಗಳನ್ನ ಎಲ್ಲರೂ ಸೇರಿ ಹಾಡೋದು. ರಾಗಗಳು ನಾಟ, ಗೌಳ, ಆರಭಿ, ವರಾಳಿ, ಶ್ರೀ. ಐದೂ ಆದಿತಾಳ. ಈ ವರ್ಷ ನೀನು ಹಿಂದೆ ಕೂತು ತಪ್ಪದೆ ತಾಳ ಹಾಕಿದ್ರೆ ಸಾಕು, ಒಂದು ಗಂಟೆ ತಾಳ ಬಿಡದೆ ಕೂರೋದೇ ದೊಡ್ಡ ಪಾಠ. ವರಾಳಿಯನ್ನ ಗುರು ಶಿಷ್ಯರಿಗೆ ನೇರವಾಗಿ ಪಾಠ ಮಾಡಬಾರದು ಅಂತ ಹಳೇ ನಂಬಿಕೆ ಇದೆ, ಹಾಗಾಗಿ ಬಹಳ ಜನ ಗೋಷ್ಠಿಯಲ್ಲಿ ಕೂತು ಕೇಳಿಯೇ ಅದನ್ನ ಕಲಿತೋರು. ಪುರಂದರದಾಸರ ಆರಾಧನೆಗೆ ದೇವರನಾಮ, ಅದನ್ನ ನೀನು ಹಾಡ್ತೀಯ. ನಾಲ್ಕು ದೇವರನಾಮ ಅಷ್ಟರಲ್ಲಿ ನಾನೇ ಹೇಳ್ಕೊಡ್ತೀನಿ. ಹತ್ತಿರದ ದೇವಸ್ಥಾನದಲ್ಲೋ ಸಭೆಯಲ್ಲೋ ವಿಚಾರಿಸು, ಜೂನಿಯರ್ ಆಗಿದೆಯಾ ಅಂತ ಅಲ್ಲಿ ಯಾರೂ ಕೇಳಲ್ಲ.

ಕಡೂರು_ಡೊಳ್ಳು
ಯಜಮಾನರ ಹತ್ರ ಮಾತಾಡ್ದೆ. ಶನಿವಾರ ಬರೋಕೆ ಒಪ್ಪಿದ್ದಾರೆ. ಹುಡುಗ್ರು ಚಪ್ಪಲಿ ಬಿಟ್ಟು ಡೊಳ್ಳು ಮುಟ್ಟಬೇಕು, ಪದ ಬರ್ಕೊಳ್ಳೋಕೆ ಪುಸ್ತಕ ತರಬೇಕು ಅಂತ ಹೇಳಿದ್ದಾರೆ.

ಲಯದ_ಲೆಕ್ಕ, ಹಾಸನ
ಆಗಲಿ ಅಣ್ಣ. ಬಸ್ ಸ್ಟ್ಯಾಂಡಿಂದ ನಾನೇ ಕರ್ಕೊಂಡು ಬರ್ತೀನಿ.

ಎಡಗೈ_ಹುಡುಗ, ಮೂಡಿಗೆರೆ
ತಡವಾಗಿ ಬಂದೆ. ನಾನು ಪ್ರಥಮ ವರ್ಷ ಬಿ.ಕಾಂ., ಮೃದಂಗ ಕಲೀಬೇಕು. ನಾನು ಎಡಚ. ವಾದ್ಯ ಎಡಗೈಗೆ ಅಂತ ಬೇರೆ ಮಾಡಿಸಬೇಕಾ?

ಲಯದ_ಲೆಕ್ಕ, ಹಾಸನ
ಬೇರೆ ಬೇಡ ತಮ್ಮ, ಅದೇ ಮೃದಂಗ ತಿರುಗಿಸಿ ಇಟ್ಕೊಂಡ್ರೆ ಆಯ್ತು. ಕರಣೆ ಇರೋ ಮುಖ ನಿನ್ನ ಎಡಗೈಗೆ ಬರುತ್ತೆ. ವೇದಿಕೆಯಲ್ಲಿ ಆ ಮುಖ ಜನರ ಕಡೆ ಇರಬೇಕಾದ್ರಿಂದ ನೀನೂ ಪಿಟೀಲಿನೋರೂ ಜಾಗ ಅದಲುಬದಲು ಮಾಡ್ಕೋಬೇಕು, ಅಷ್ಟೇ ವ್ಯತ್ಯಾಸ. ಬಲಗೈಗೆ ಬದಲಾಯಿಸು ಅಂತ ಯಾರಾದ್ರೂ ಒತ್ತಾಯ ಮಾಡಿದ್ರೆ ಕೇಳ್ಬೇಡ. ಮೂಡಿಗೆರೆಯಿಂದ ಶನಿವಾರ ಬರೋಕಾಗುತ್ತಾ?

ಎಡಗೈ_ಹುಡುಗ, ಮೂಡಿಗೆರೆ
ಬೆಳಿಗ್ಗೆ ಬಸ್ ಹಿಡಿದ್ರೆ ಆಗ್ತದೆ ಅಣ್ಣ. ಬರ್ತೇನೆ.